ಉದ್ದ ಪದದಲ್ಲಿ ಜೋರು ಎಲ್ಲಿ

ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೊಬ್ಬರು ಮಾತಾಡುವುದನ್ನು ನಾನು ಎದುರಿಗೆ ಕೂತು ಮೊದಲ ಸಲ ಕೇಳಿದಾಗ ನನಗೆ ಇಪ್ಪತ್ತೆಂಟು ವರ್ಷ. ಅಷ್ಟು ಹೊತ್ತಿಗಾಗಲೇ ನಾನು ಇಂಗ್ಲಿಷ್ ಮಾಸ್ತರನಾಗಿ ನಾಲ್ಕು ವರ್ಷ ಆಗಿತ್ತು. ನಗುವವರು ನಗಲಿ, ಇದ್ದದ್ದು ಹೀಗೆ.

ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಡ್ತಿ ಹೇಗೆ, ವರ್ಗಾವಣೆ ಹೇಗೆ ಎಂದು ಕೇಳುತ್ತಾರೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕೆನಿಸುವುದು ಒಂದು ಹುಡುಗಿಗೆ ನಾನು ಮಾಡಿದ ಅನ್ಯಾಯ, ಮತ್ತು ಆ ಅನ್ಯಾಯ ಸರಿಮಾಡಲು ಹೋಗಿ ನಾನು ಪಾಠ ಹೇಳುವುದನ್ನು ಕಲಿತದ್ದು.

ನಾನು ಸುರಪುರದ ಕಡೆಯವನು. ಅವ್ವ ಬೇರೆಯವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದಳು. ನಾನು ಇಂಗ್ಲಿಷ್ ಕಲಿತದ್ದು ಕಿವಿಯಿಂದಲ್ಲ, ಕಣ್ಣಿನಿಂದ. ಪ್ರತಿ ಪದದ ಕೆಳಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡು ಓದುತ್ತಿದ್ದೆ. ನನ್ನ ಮಾಸ್ತರರೂ ಹಾಗೆಯೇ ಕಲಿತವರು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಅದೇ ನ್ಯಾಯವನ್ನು ನಾವು ಇಂಗ್ಲಿಷಿಗೂ ಹಂಚುತ್ತಿದ್ದೆವು. ಹತ್ತು ಹನ್ನೆರಡು ಅಕ್ಷರದ ಪದವನ್ನು ಒಂದೇ ಸಮನೆ, ಎಲ್ಲಿಯೂ ಏರಿಳಿತವಿಲ್ಲದೆ ಓದಿ ಮುಗಿಸುತ್ತಿದ್ದೆವು.

ನನ್ನ ಕೆಲಸ ಶಹಾಪುರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಕಾಲುವೆಗೆ ನೀರು ಬಂದು ಕೆಲವೇ ವರ್ಷ ಆಗಿತ್ತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಜನ ಬತ್ತ ಹಚ್ಚುವುದನ್ನು ಕಲಿಯುತ್ತಿದ್ದರು. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಸಾಲು ಸಾಲು ಆಫೀಸು, ಕ್ವಾರ್ಟರ್ಸು. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಕ್ಕಳ ತಂದೆ ತಾಯಿ ಕಾಲುವೆಯ ಒಂದಿಲ್ಲೊಂದು ಕೆಲಸದಲ್ಲಿದ್ದರು. ಹಾಗಾಗಿ ಇರಿಗೇಷನ್ನು, ಡಿಸ್ಟ್ರಿಬ್ಯೂಟರಿ, ಇನ್‌ಸ್ಪೆಕ್ಷನ್ ಬಂಗ್ಲಾ ಮುಂತಾದ ಪದಗಳು ಕುರಿ ಕಾಯುವವರ ಬಾಯಲ್ಲೂ ಇದ್ದವು. ಆದರೆ ಅವೇ ಪದಗಳು ಪುಸ್ತಕದಲ್ಲಿ ಬಂದರೆ ಮಕ್ಕಳು ನಿಂತುಬಿಡುತ್ತಿದ್ದರು. ನಾನು ಹೇಳಿಕೊಟ್ಟರೆ ಎಲ್ಲರೂ ಕೂಡಿ ಕೂಗುತ್ತಿದ್ದರು. ಎಂಟು ದಿನ ಬಿಟ್ಟು ಅದೇ ಪದ ತೋರಿಸಿದರೆ ಹೊಸದಾಗಿ ನೋಡಿದಂತೆ ನೋಡುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ಜೈನಬಿ ಎಂಬ ಹುಡುಗಿ ಇದ್ದಳು. ವನದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಖಾಸಿಂಸಾಬ ಕಾಲುವೆಯ ದಂಡೆಗೆ ಕಲ್ಲು ಜೋಡಿಸುವ ಕೆಲಸಗಾರ. ತಾಯಿ ಕ್ಯಾಂಪಿನಲ್ಲಿ ಒಬ್ಬ ಇಂಜಿನಿಯರರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ರಜೆಯ ದಿನ ಜೈನಬಿಯೂ ತಾಯಿಯ ಜೊತೆ ಹೋಗುತ್ತಿದ್ದಳು. ಆ ಮನೆಯಲ್ಲಿ ಬೆಳಗ್ಗೆ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಹಚ್ಚುತ್ತಿದ್ದರು. ಅರ್ಥ ಅಷ್ಟೇನೂ ಆಗದಿದ್ದರೂ ಇವಳು ಕೇಳುತ್ತ, ತುಟಿಯಲ್ಲೇ ಅನ್ನುತ್ತ ಪಾತ್ರೆ ಒರೆಸುತ್ತಿದ್ದಳಂತೆ. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ.

ಒಂದು ದಿನ ಪಾಠ ಓದಲು ಅವಳನ್ನು ಎಬ್ಬಿಸಿದೆ. ನಾವೆಲ್ಲ 'ಡೆವಲಪ್‌ಮೆಂಟ್' ಅನ್ನುವ ಪದ ಬಂತು. ಮೊದಲಿನ 'ಡೆ' ಮೇಲೆ ಭಾರ ಹಾಕಿ ಅನ್ನುವುದು ಆಗಲೂ ನಮ್ಮ ರೂಢಿ, ಈಗಲೂ ಅದೇ. ಇವಳು 'ಡಿ' ಎಂದು ಹಗುರವಾಗಿ ದಾಟಿ, 'ವೆಲ್' ಮೇಲೆ ಒತ್ತು ಹಾಕಿ, 'ಡಿವೆಲಪ್‌ಮೆಂಟ್' ಅಂದಳು.

"ಏನದು? ಮತ್ತೊಮ್ಮೆ ಅನ್ನು" ಅಂದೆ.

ಮತ್ತೆ ಹಾಗೆಯೇ ಅಂದಳು.

"ಯಾರ ಕಲಿಸ್ಯಾರವ್ವಾ ನಿನಗ ಇದನ್ನ?"

"ರೇಡಿಯೋದಾಗ ಹಂಗ ಅಂತಾರ್ರಿ ಸರ್."

"ಹಂಗಾದ್ರ ಇಲ್ಲಿಗ್ಯಾಕ ಬರ್ತಿ? ರೇಡಿಯೋದ ಮುಂದ ಕೂತು ಸಾಲಿ ಕಲಿ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ಕೂತಳು. ಅಂದಿನಿಂದ ಹುಡುಗರು ಅವಳನ್ನು 'ಡಿವೆಲ್' ಎಂದು ಕರೆಯತೊಡಗಿದರು. ಕೇಳಿಯೂ ಕೇಳದಂತೆ ಇದ್ದೆ. ಅವಳು ಮುಂದೆ ಬಾಯಿಬಿಟ್ಟು ಓದಲೇ ಇಲ್ಲ. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತು.

ಆ ರಜೆಯಲ್ಲಿ ನನ್ನನ್ನು ಬೆಂಗಳೂರಿಗೆ ಒಂದು ತಿಂಗಳ ತರಬೇತಿಗೆ ಕಳಿಸಿದರು. ಅಲ್ಲಿ ಕಲಿಸುತ್ತಿದ್ದವರು ವಯಸ್ಸಾದ ಒಬ್ಬ ಮೇಡಂ. ಮೂರನೆಯ ದಿನ ನನಗೊಂದು ಪುಟ ಓದಲು ಹೇಳಿದರು. ನನ್ನ ಓದು ಮುಗಿದ ಮೇಲೆ ಅವರು ಡಿಕ್ಷನರಿ ತೆರೆದು ನನ್ನ ಮುಂದಿಟ್ಟು, ಒಂದು ಪದದ ಮೇಲೆ ಬೆರಳಿಟ್ಟರು. ಅದೇ ಡೆವಲಪ್‌ಮೆಂಟ್.

"ಇಲ್ಲೊಂದು ಸಣ್ಣ ಗೀಟಿದೆ, ನೋಡಿದ್ರಾ?" ಅಂದರು.

ನೋಡಿದ್ದೆ. ನನ್ನ ಹತ್ತಿರವೂ ಡಿಕ್ಷನರಿ ಇತ್ತು. ಅದರ ತುಂಬ ಇಂಥ ಸಣ್ಣ ಸಣ್ಣ ಗೀಟುಗಳಿದ್ದವು. ಇಷ್ಟು ವರ್ಷ ನಾನು ಅವನ್ನು ಅಚ್ಚಿನ ದೋಷ, ಮಸಿಯ ಚೂರು ಎಂದೇ ತಿಳಿದಿದ್ದೆ.

"ಗೀಟಾದ ಮೇಲೆ ಬರೋ ತುಂಡನ್ನ ಜೋರಾಗಿ ಅನ್ನಬೇಕು. ಉಳಿದದ್ದೆಲ್ಲ ಮೆತ್ತಗೆ. ಈಗ ಹೇಳಿ."

ಗೀಟು 'ವೆಲ್'ಗಿಂತ ಮೊದಲು ಇತ್ತು. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಜೈನಬಿ ಅಂದಂಥದೇ ಮಾತು. ಮೈ ಬೆವೆತಿತು. ಮೇಡಂ "ಸರಿಯಾಯ್ತು" ಎಂದು ಮುಂದಿನವರ ಕಡೆ ಹೋದರು.

ಆ ತಿಂಗಳಲ್ಲಿ ನಾನು ಕಲಿತದ್ದು ಬಹಳ. ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಅನ್ನಬೇಕು. ಗದ್ದ ಎಷ್ಟು ಸಲ ಇಳಿಯುತ್ತದೋ ಪದದಲ್ಲಿ ಅಷ್ಟು ತುಂಡು. ಉದ್ದ ಪದವೆಂದರೆ ಸಾಮಾನ್ಯವಾಗಿ ಒಂದು ಸಣ್ಣ ಪದಕ್ಕೆ ಮುಂದೊಂದು ತಲೆ, ಹಿಂದೊಂದು ಬಾಲ ಸೇರಿದ್ದು. ಕೆಲವು ಬಾಲ ಬಂದರೂ ಜೋರು ಇದ್ದಲ್ಲೇ ಇರುತ್ತದೆ. ಕೆಲವು ಬಾಲ ಬಂದರೆ ಅದು ಜಾಗ ಬದಲಿಸುತ್ತದೆ. 'ಇರಿಗೇಟ್' ಎಂಬಲ್ಲಿ ಜೋರು ಮೊದಲನೆಯ 'ಇ' ಮೇಲೆ. ಬಾಲಕ್ಕೆ 'ಷನ್' ಬಂತೋ, 'ಇರಿಗೇಷನ್'ನಲ್ಲಿ ಅದು ಓಡಿ 'ಗೇ' ಮೇಲೆ ಕೂಡುತ್ತದೆ. 'ಷನ್' ಎಲ್ಲಿ ಬಂದರೂ ಹೀಗೆಯೇ: ಜೋರು ಅದಕ್ಕಿಂತ ಮೊದಲಿನ ತುಂಡಿಗೆ. ಕಾಲುವೆಯ ಊರಿನಿಂದ ಬಂದು, ದಿನಕ್ಕೆ ಹತ್ತು ಸಲ ಕೇಳುವ ಪದದೊಳಗೆ ಇಂಥದೊಂದು ಲೆಕ್ಕ ಇದೆಯೆಂದು ಬೆಂಗಳೂರಿನಲ್ಲಿ ತಿಳಿಯಬೇಕಾಯಿತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಜೈನಬಿ ಬರಲಿಲ್ಲ. ಹತ್ತನೆಯ ತರಗತಿಯ ಹಾಜರಿಯಲ್ಲಿ ಅವಳ ಹೆಸರು ಕರೆದರೆ, "ಅಕಿ ಸಾಲಿ ಬಿಟ್ಟಾಳ್ರಿ, ಕೂಲಿಗಿ ಹೊಂಟಾಳ" ಎಂದು ಹುಡುಗಿಯರು ಹೇಳಿದರು. ವಾರ ನೋಡಿದೆ, ಹದಿನೈದು ದಿನ ನೋಡಿದೆ. ಕೊನೆಗೆ ಹೆಡ್‌ಮಾಸ್ತರ ಶಿವಶರಣಪ್ಪನವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಅವಳ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡು ಬರುತ್ತೇನೆ ಅಂದೆ.

ಅವರು ಕೆಟ್ಟವರಲ್ಲ. ಆದರೆ ಗಾಬರಿಯಾದರು.

"ಹುಚ್ಚಗಿಚ್ಚ ಹಿಡದದೇನ್ರಿ ನಿಮಗ? ಬರ್ಲಿಲ್ಲಂದ್ರ ಸಾಲಿಗಿ ಬಾ ಅಂತ ಕರೀರಿ, ಸಾಕು. ಮಾಸ್ತರ ಆದವ ನಂದ ತಪ್ಪ ಅಂದ್ರ ನಾಳಿ ಹುಡುಗ್ರು ತಲಿ ಮ್ಯಾಲ ಕೂಡ್ತಾರ."

"ತಪ್ಪ ಕಲಿಸಿದ್ದು ಖರೇ ಅದಲ್ರಿ ಸರ್."

"ನಾವೆಲ್ಲಾ ಅದನ್ನ ಹಂಗ ಅಂತೀವಿ. ಊರೆಲ್ಲಾ ಹಂಗ ಅಂತದ. ಅದರಾಗ ನಿಮ್ಮೊಬ್ರದ ತಪ್ಪೇನದ?"

ಅವರ ಮಾತಿನಲ್ಲಿ ಸತ್ಯವಿತ್ತು. ಊರೆಲ್ಲ ಒಂದು ರೀತಿ ಅಂದರೆ ಅದು ಊರಿನ ರೂಢಿ. ನಾನು ಅದಕ್ಕೆ ಬೇಸರಪಡುವವನಲ್ಲ. ಆದರೆ ಸರಿಯಾಗಿ ಅಂದವಳನ್ನು ನಗೆಗೀಡು ಮಾಡಿದ್ದು ರೂಢಿಯಲ್ಲ, ನನ್ನ ಕೆಲಸ.

ಒಂದು ರವಿವಾರ ವನದುರ್ಗದ ಬಸ್ಸು ಹತ್ತಿದೆ. ಕೋಟೆಯ ಹತ್ತಿರ ಇಳಿದು ಕೇಳಿದರೆ ಮನೆ ತೋರಿಸಿದರು. ಖಾಸಿಂಸಾಬ ಹೊರಸಿನ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಮಾಸ್ತರ ಎಂದು ತಿಳಿದೊಡನೆ ಎದ್ದು ಹೊರಸು ಒರೆಸಿದ.

"ಬರ್ರಿ ಬರ್ರಿ ಮಾಸ್ತರ್ರ, ಕೂಡ್ರಿ. ನಮ್ಮ ಪೋರಿ ಏನರೆ ತಪ್ಪ ಮಾಡ್ಯಾಳೇನ್ರಿ?"

"ಅಕಿ ಅಲ್ರಿ, ನಾ ಮಾಡೇನಿ" ಅಂದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅದೊಂದೂ ನೆನಪಾಗಲಿಲ್ಲ. ಸುಮ್ಮನೆ ನಡೆದದ್ದು ನಡೆದಂತೆ ಹೇಳಿದೆ. ಜೈನಬಿ ಒಳಗಿನ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಬತ್ತದ ಗದ್ದೆಯ ಕೆಸರು ಕೈಬೆರಳ ಸಂದಿಯಲ್ಲಿ ಒಣಗಿತ್ತು.

ಖಾಸಿಂಸಾಬನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಜೋರು ಜಾಗ ಬದಲಿಸುವ ಮಾತು ಬಂದಾಗ ತಲೆ ಎತ್ತಿದ.

"ಅಂದ್ರ, ಒಂದ ಕಡಿ ಜೋರ ಹಾಕೂದು, ಉಳದ ಕಡಿ ಬಿಡೂದು. ಹೌದಲ್ರಿ? ಅದು ನಮ್ಮ ಕೆಲಸದಾಗೂ ಐತ್ರಿ. ದೊಡ್ಡ ಕಲ್ಲ ಸರಸುವಾಗ 'ಜೋರ್ ಲಗಾಕೇ, ಹೈಸಾ' ಅಂತೀವಿ. 'ಹೈ' ಅಂದಾಗ ಎಲ್ಲಾರದೂ ಜೋರ ಬೀಳಬೇಕು. ಹಿಂದ ಮುಂದ ಹಾಕಿದ್ರ ಮೈ ನೋಯ್ತದ, ಕಲ್ಲ ಅಲಗ್ಯಾಡಂಗಿಲ್ಲ."

ನಾನು ಒಂದು ತಿಂಗಳು ಕೂತು ಕಲಿತದ್ದನ್ನು ಅವನು ಹೊರಸಿನ ಪಕ್ಕ ನಿಂತೇ ಹೇಳಿದ್ದ.

"ಬೇಟಿ, ಕ್ಯಾ ಬೋಲ್ತೀ? ಜಾತೀ ಇಸ್ಕೂಲ್‌ಕೂ?" ಶಾಲೆಗೆ ಹೋಗುತ್ತೀಯಾ ಎಂದು ಮಗಳನ್ನು ಕೇಳಿದ.

ಅವಳು ನನ್ನ ಕಡೆ ತಿರುಗಿದಳು. "ಇಲ್ಲಿ ಹೇಳಿದ್ರ ಏನಾತ್ರಿ ಸರ್? ನಕ್ಕವ್ರು ಕ್ಲಾಸಿನ್ಯಾಗ ಅದಾರ."

"ಅಲ್ಲೇ ಹೇಳ್ತೀನಿ. ನೀ ಬಾ."

"ನೀವು ಮದ್ಲ ಹೇಳ್ರಿ. ಹೇಳೀರಿ ಅಂತ ಹುಡಿಗ್ಯಾರು ಅಂದ್ರ ಬರ್ತೀನಿ."

ತಾಯಿ ಒಳಗಿಂದ ಗದರಿಸಿದಳು. ನಾನು ಗದರಿಸಬೇಡಿರಿ ಅಂದೆ. ನನ್ನ ಮಾತನ್ನು ನಂಬಲು ಅವಳಿಗೆ ಯಾವ ಕಾರಣವೂ ಇರಲಿಲ್ಲ.

ಸೋಮವಾರ ಹತ್ತನೆಯ ತರಗತಿಗೆ ಹೋಗಿ ಬೋರ್ಡಿನ ಮೇಲೆ ಆ ಪದ ಬರೆದೆ. 'ವೆಲ್'ಗಿಂತ ಮೊದಲು ಗೀಟು ಎಳೆದೆ. ಹಿಂದಿನ ವರ್ಷ ಜೈನಬಿ ಇದನ್ನು ಸರಿಯಾಗಿ ಓದಿದ್ದಳು, ನಾನು ತಪ್ಪು ಎಂದಿದ್ದೆ, ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ನಕ್ಕೆ ಎಂದು ಹೇಳಿದೆ. ಹುಡುಗರು ತಲೆಯ ಮೇಲೆ ಕೂಡುತ್ತಾರೆ ಎಂದು ಕಾದೆ. ಯಾರೂ ಕೂಡಲಿಲ್ಲ. ಹಿಂದಿನ ಸಾಲಿನ ಒಬ್ಬ ಎದ್ದು, "ಹಂಗಾದ್ರ ನಾವೂ ಅಕಿಗಿ ಡಿವೆಲ್ ಅನ್ನಬಾರ್ದಲ್ರಿ ಸರ್?" ಅಂದ. ಬುಧವಾರ ಜೈನಬಿ ಬಂದಳು.

ಅಂದಿನಿಂದ ನನ್ನ ಪಾಠದ ರೀತಿ ಬದಲಾಯಿತು. ಹಳೆಯ ಮದುವೆ ಕಾರ್ಡುಗಳ ಖಾಲಿ ಬೆನ್ನಿನ ಮೇಲೆ ಉದ್ದ ಪದ ಬರೆದು, ಕತ್ತರಿಯಿಂದ ತುಂಡು ಮಾಡಿ ಮಕ್ಕಳಿಗೆ ಕೊಡುತ್ತಿದ್ದೆ. ಮಕ್ಕಳು ಜೋಡಿಸಿ ಓದಬೇಕು. ಜೋರಿನ ತುಂಡು ಬಂದಾಗ ಬೆಂಚಿಗೆ ಒಂದು ಗುದ್ದು. ಖಾಸಿಂಸಾಬನ ಹೈಸಾ ನಮ್ಮ ಕ್ಲಾಸಿನ ಮಾತಾಯಿತು. "ಇದರಾಗ ಹೈ ಎಲ್ಲೈತಿ?" ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಯಾಂಪಿನ ಮಕ್ಕಳು ಆಫೀಸಿನ ಬೋರ್ಡುಗಳ ಮೇಲಿನ ಪದಗಳನ್ನೆಲ್ಲ ಬರೆದುಕೊಂಡು ಬರುತ್ತಿದ್ದರು.

ಎಡವಟ್ಟುಗಳೂ ಆದವು. 'ಅನ್' ಎಂಬ ತಲೆ ಬಂದರೆ 'ಅಲ್ಲ' ಎಂದು ಅರ್ಥ, ಅದನ್ನು ಮೊದಲು ಕತ್ತರಿಸಿ ಎಂದು ಹೇಳಿಕೊಟ್ಟಿದ್ದೆ. ಮರುದಿನ ಒಬ್ಬ ಹುಡುಗ ಕತ್ತರಿಸಿದ ಕಾರ್ಡು ಹಿಡಿದು ಬಂದ.

"ಸರ್, ಅಂಕಲ್ ಅನ್ನೂದರಾಗ ಅನ್ ಕತ್ತರಿಸಿದ್ನಿರಿ. 'ಕಲ್' ಉಳೀತು. ಅಂಕಲ್ ಅಂದ್ರ 'ಕಲ್ ಅಲ್ಲದಾಂವ' ಅಂತೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ, ಆದರೆ ಈ ಸಲ ಅವನನ್ನು ನೋಡಿ ನಗಲಿಲ್ಲ. ತಪ್ಪು ನನ್ನದಾಗಿತ್ತು. ಕತ್ತರಿಸಿದ ಮೇಲೆ ಉಳಿದದ್ದು ತಾನೊಂದೇ ಬದುಕುವ ಪದವಾಗಿದ್ದರೆ ಮಾತ್ರ ಕತ್ತರಿಸಬೇಕೆಂದು ನಾನು ಹೇಳಿಯೇ ಇರಲಿಲ್ಲ. ಆ ನಿಯಮ ಕೂಡ ಎಲ್ಲ ಕಡೆ ನಿಲ್ಲುವುದಿಲ್ಲ ಎಂದು ಮುಂದೆ ಗೊತ್ತಾಯಿತು. ಎಲ್ಲ ಮಕ್ಕಳೂ ಕಲಿತರು ಎಂದರೂ ಸುಳ್ಳಾಗುತ್ತದೆ. ಕೆಲವರಿಗೆ ಅಕ್ಷರಗಳೇ ಕೂಡಿರಲಿಲ್ಲ. ಅವರಿಗೆ ಬೇಕಾದದ್ದು ಬೇರೆ ಪಾಠ, ಅದನ್ನು ಕೊಡಲು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಆದರೆ ಮುಂಚೆ ಉದ್ದ ಪದ ಕಂಡು ನಿಲ್ಲುತ್ತಿದ್ದವರು ಈಗ ಗದ್ದದ ಕೆಳಗೆ ಕೈಯಿಟ್ಟು ಒಂದೊಂದೇ ತುಂಡು ದಾಟುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಕಲಬುರ್ಗಿಯಿಂದ ಇಂಗ್ಲಿಷ್ ವಿಷಯದ ಇನ್‌ಸ್ಪೆಕ್ಟರರು ಬಂದರು. ಎತ್ತರದ ಆಳು, ಮಾತು ಕಡಿಮೆ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಕಾರ್ಡಿನ ತುಂಡುಗಳನ್ನು ನೋಡಿ, "ಇದೆಲ್ಲಾ ಪೋರ್ಷನ್ ಮುಗಿಸಿ ಮಾಡೂ ಆಟೇನ್ರಿ?" ಎಂದು ಕೇಳಿದರು. ಮುಗಿದಿರಲಿಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಡ್‌ಮಾಸ್ತರರು ನನ್ನ ಕಡೆ ಕಣ್ಣು ಬಿಟ್ಟರು.

ಇನ್‌ಸ್ಪೆಕ್ಟರರು ತಾವು ತಂದ ಪುಸ್ತಕವೊಂದನ್ನು ಜೈನಬಿಯ ಕೈಗೆ ಕೊಟ್ಟು ಓದು ಅಂದರು. ಆ ಪುಟವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ನಿಧಾನವಾಗಿ, ತಡವರಿಸದೆ ಓದಿದಳು. ನಡುವೆ 'ಫೋಟೋಗ್ರಫಿ' ಎಂಬ ಪದ ಬಂತು. ಕ್ಷಣ ನಿಂತು, ಬೆರಳಿನಿಂದ ಪುಸ್ತಕದ ಅಂಚು ಮುಟ್ಟಿ, 'ಫೊಟಾಗ್ರಫಿ' ಎಂದು ಎರಡನೆಯ ತುಂಡಿನ ಮೇಲೆ ಜೋರು ಹಾಕಿ ಓದಿದಳು.

"ನಿಂದ್ರು. ಏನಂದಿ? ಫೋಟೋ ಅನ್ನಾಕ ಬರಂಗಿಲ್ಲೇನು? ಫೋಟೋಗ್ರಫಿ ಅನ್ನು."

ಹಿಂದಿನಿಂದ ಒಂದಿಬ್ಬರು ಕಿಸಕ್ಕೆಂದರು. ಜೈನಬಿ ಇನ್‌ಸ್ಪೆಕ್ಟರರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ನಾನು ಮೇಜಿನ ಹತ್ತಿರ ನಿಂತಿದ್ದೆ. ನನ್ನ ಇನ್‌ಕ್ರಿಮೆಂಟು, ಸೇವಾ ಪುಸ್ತಕ, ದೂರದ ಊರಿಗೆ ವರ್ಗ, ಎಲ್ಲ ಒಂದು ಗಳಿಗೆಯಲ್ಲಿ ತಲೆಯಲ್ಲಿ ಹಾದುಹೋದವು. ಸುಮ್ಮನಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ಹುಡುಗಿಯೂ ಏನೂ ಅನ್ನುತ್ತಿರಲಿಲ್ಲ; ಇನ್ನೊಮ್ಮೆ ಕೂತುಬಿಡುತ್ತಿದ್ದಳು, ಅಷ್ಟೇ.

"ಸರ್, ಅಕಿ ಓದಿದ್ದು ಸರಿ ಅದರಿ" ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಆದರೂ ಅವರಿಗೆ ಕೇಳಿತು.

"ಏನಂದ್ರಿ?"

"ಸರಿ ಅದರಿ ಸರ್. ಅಕಿನೇ ತಿಳಿಸಿ ಹೇಳ್ತಾಳ."

ಹೆಡ್‌ಮಾಸ್ತರರು ನನ್ನ ಕಾಲು ತುಳಿದರು. ಜೈನಬಿ ಬೋರ್ಡಿನ ಹತ್ತಿರ ಹೋಗಿ 'ಫೋಟೋಗ್ರಾಫ್' ಎಂದು ಬರೆದು ಮೂರು ತುಂಡು ಮಾಡಿ ಮೊದಲನೆಯದಕ್ಕಿಂತ ಮುಂಚೆ ಗೀಟು ಹಾಕಿದಳು. ಅದರ ಕೆಳಗೆ ಕೊನೆಗೊಂದು ಅಕ್ಷರ ಸೇರಿಸಿ 'ಫೋಟೋಗ್ರಫಿ' ಎಂದು ಬರೆದು ಗೀಟನ್ನು ಎರಡನೆಯ ತುಂಡಿಗೆ ಸರಿಸಿದಳು. ಅದರ ಕೆಳಗೆ 'ಫೋಟೋಗ್ರಾಫಿಕ್' ಎಂದು ಬರೆದು ಮೂರನೆಯ ತುಂಡಿಗೆ ಸರಿಸಿದಳು.

"ಬಾಲ ಬದಲಾತಂದ್ರ ಜೋರ ಸರೀತದ್ರಿ ಸರ್" ಎಂದು ಮೂರನ್ನೂ ಓದಿ ತೋರಿಸಿದಳು. ಪ್ರತಿ ಜೋರಿಗೂ ಇಡೀ ಕ್ಲಾಸು, ಯಾರೂ ಹೇಳದೆ, ಬೆಂಚಿಗೆ ಗುದ್ದಿತು.

ನಾನು ಡಿಕ್ಷನರಿ ತೆಗೆದುಕೊಟ್ಟೆ. ಇನ್‌ಸ್ಪೆಕ್ಟರರು ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮುಚ್ಚಿ ಕೊಟ್ಟರು. ಜೈನಬಿಗೆ, "ಮುಂದ ಓದವ್ವಾ" ಅಂದರು.

ವರದಿಯ ಪುಸ್ತಕದಲ್ಲಿ 'ಪಾಠಗಳು ಹಿಂದುಳಿದಿವೆ' ಎಂದು ಬರೆದರು. ಅದು ನಿಜವೇ ಆಗಿತ್ತು. ಆದರೆ ಜೀಪು ಹತ್ತುವ ಮುಂಚೆ ನನ್ನನ್ನು ಒಂದು ಕಡೆ ಕರೆದರು. ಬೈಯುತ್ತಾರೆ ಎಂದುಕೊಂಡೆ.

"ನಾ ಇಪ್ಪತ್ತು ವರ್ಷದ ಮ್ಯಾಲಾತು ಆ ಪದಾ ಕಲಿಸಾಕತ್ತು. ಒಬ್ರೂ ಹೇಳ್ಲಿಲ್ಲ ನೋಡ್ರಿ ನನಗ."

"ನನಗೂ ಯಾರೂ ಹೇಳಿರಲಿಲ್ರಿ ಸರ್. ಮದ್ಲ ಹೇಳಿದಾಕಿ ಆ ಹುಡುಗಿನೇ. ನಾ ಆಕಿಗಿ ನಕ್ಕು ಕೂಡ್ಸಿದ್ನಿರಿ" ಅಂದೆ.

ಅವರು ನನ್ನ ಮುಖ ನೋಡಿದರು. ಜೀಪು ಹತ್ತಿದರು. ಮರುವರ್ಷ ಯಾದಗಿರಿಯಲ್ಲಿ ಸುತ್ತಲಿನ ಇಂಗ್ಲಿಷ್ ಶಿಕ್ಷಕರಿಗೆ ಎರಡು ದಿನದ ಸಭೆ ಇಟ್ಟು, ಪಾಠ ಮಾಡಲು ನನ್ನನ್ನು ಕರೆಸಿದರು. ತಾವೇ ಮೊದಲ ಸಾಲಿನಲ್ಲಿ ಕೂತು, ಎಲ್ಲರ ಜೊತೆ ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು ಪದ ಅಂದರು. ನನ್ನ ಸೇವೆಯಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಅವರ ಮೇಲೆ ನನಗೆ ಇರುವ ಗೌರವ ಇನ್ನಾರ ಮೇಲೂ ಇಲ್ಲ.

ಆಮೇಲೆ ಕ್ಯಾಸೆಟ್ಟು ಬಂತು, ಟಿ.ವಿ. ಬಂತು, ಈಗ ಫೋನಿನಲ್ಲಿ ಪದ ಒತ್ತಿದರೆ ಅದೇ ಅಂದು ತೋರಿಸುತ್ತದೆ. ಒಳ್ಳೆಯದೇ. ನನಗೆ ಇಪ್ಪತ್ತೆಂಟು ವರ್ಷಕ್ಕೆ ಸಿಕ್ಕದ್ದು ಈಗಿನ ಮಗುವಿಗೆ ಎಂಟು ವರ್ಷಕ್ಕೆ ಸಿಗುತ್ತದೆ. ಕೆಲಸ ಸುಲಭವಾಯಿತು ಎಂದು ತಿಳಿಯಬೇಡಿ. ಮಗುವಿಗೆ ನಿಮಗಿಂತ ಮೊದಲೇ ಸಿಗುತ್ತದೆ, ಅದಕ್ಕೆ ಸಿದ್ಧರಾಗಿರಿ.

ಜೈನಬಿ ಆ ವರ್ಷ ಪಾಸಾದಳು. ಶಹಾಪುರದಲ್ಲಿ ಪಿಯುಸಿ ಓದಿ, ಶಿಕ್ಷಕರ ತರಬೇತಿ ಮುಗಿಸಿ, ಸುರಪುರದ ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರಾದಳು. ನಾನು ನಿವೃತ್ತನಾದ ಮೇಲೆ ಒಮ್ಮೆ, "ಸರ್, ನನ್ನ ಕ್ಲಾಸಿಗಿ ಬಂದು ನೋಡ್ರಿ" ಎಂದು ಕರೆದಳು. ಹೋದೆ. ಹಿಂದೆ ಚಾಪೆಯ ಮೇಲೆ ಮಕ್ಕಳ ಜೊತೆ ಕೂತೆ.

ಏಳನೆಯ ತರಗತಿ. ಕಥೆಯೊಂದನ್ನು ಓದುತ್ತ, ಅವಳು ನಾವೆಲ್ಲ ಅನ್ನುವಂತೆ 'ಕಂಫರ್ಟೇಬಲ್' ಅಂದಳು. ಮುಂದೆ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು.

"ಟೀಚರ್ರ, ಅದರಾಗ ಟೇಬಲ್ ಇಲ್ರಿ."

"ಏನವಾ?"

"ನಮ್ಮಕ್ಕನ ಫೋನಿನ್ಯಾಗ ಕೇಳೇನ್ರಿ. 'ಕಂ' ಅಂತ ಜೋರ ಅಂದು, ಮುಂದಿಂದೆಲ್ಲಾ ಸಣ್ಣಗ ನುಂಗ್ತಾರ್ರಿ. ಟೇಬಲ್ ಅನ್ನಂಗಿಲ್ರಿ."

ಕ್ಲಾಸು ಅವಳ ಕಡೆ ತಿರುಗಿತು, ಆಮೇಲೆ ಟೀಚರ ಕಡೆ. ನಾನು ಚಾಪೆಯ ಮೇಲೆ ನೆಟ್ಟಗೆ ಕೂತೆ.

ಜೈನಬಿ ಪುಸ್ತಕ ಕೆಳಗಿಟ್ಟಳು. ಅಲಮಾರಿಯಿಂದ ಡಿಕ್ಷನರಿ ತೆಗೆದು, ಪುಟ ತಿರುವಿ, ಬೆರಳಿಟ್ಟು ನೋಡಿದಳು.

"ನೀ ಅಂದದ್ದ ಖರೇ. ನಂದ ತಪ್ಪು. ಬಾ, ಬೋರ್ಡಿನ ಮ್ಯಾಲ ಬರದು ಎಲ್ಲಾರಿಗೂ ತೋರ್ಸು."

ಹುಡುಗಿ ಎದ್ದು ಹೋಗಿ ಸುಣ್ಣದ ಕಡ್ಡಿ ತೆಗೆದುಕೊಂಡಳು. ಅಷ್ಟೇ ನಡೆದದ್ದು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಯಾರ ಮೈಯೂ ಬೆವರಲಿಲ್ಲ, ಯಾರೂ ಶಾಲೆ ಬಿಡಲಿಲ್ಲ, ಯಾರ ಮನೆಗೂ ರವಿವಾರ ಬಸ್ಸು ಹತ್ತಿ ಹೋಗಬೇಕಾಗಲಿಲ್ಲ. ಜೈನಬಿ ನನ್ನ ಕಡೆ ತಿರುಗಿ, "ಸರ್, ನೀವೂ ಟೇಬಲ್ ಅಂತಿದ್ರಿ, ಹೌದಲ್ರಿ?" ಅಂದಳು.

"ಇವತ್ತಿನ ತನಕಾ ಅಂದೇನವ್ವಾ" ಅಂದೆ. ಮಕ್ಕಳೆಲ್ಲ ನಕ್ಕರು. ನಾನು ಅವರ ಜೊತೆ ಬೋರ್ಡು ನೋಡಿ, ಆ ಹುಡುಗಿ ಹೇಳಿಕೊಟ್ಟಂತೆ, ಇನ್ನೊಮ್ಮೆ ಅಂದೆ.